ಹೊಗೆಸೊಪ್ಪಿನ ಸೀಮೆಯಲ್ಲಿ ‘ಗಿಡದ್ದು ತಾನೇ’ ಎನ್ನುವವರಿಗೆ

ಹುಣಸೂರು ಕಡೆಯ ಮಹಿಳಾ ಸಂಘವೊಂದರ ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ: ನೆಲ ಒರೆಸುವ ನೀರಿಗೆ ನೀಲಗಿರಿ ಎಣ್ಣೆಯನ್ನೋ ನಿಂಬೆಹುಲ್ಲಿನ ಎಣ್ಣೆಯನ್ನೋ ಹಾಕುವುದಾದರೆ ಮುಚ್ಚಳದಲ್ಲಿ ಅಳೆಯಬೇಡಿ, ಹನಿ ಎಣಿಸಿ. ಅಷ್ಟಕ್ಕೇ ಎದ್ದ ಆಕ್ಷೇಪಗಳು ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನೆಂಟರ ಮನೆಗಳವರೆಗೂ ನನ್ನನ್ನು ಅಟ್ಟಿಸಿಕೊಂಡು ಬಂದಿವೆ. ಒಂದೊಂದಾಗಿ ಉತ್ತರ ಕೊಟ್ಟುಬಿಡುತ್ತೇನೆ.

‘ಗಿಡದಿಂದ ಬಂದದ್ದು ತಾನೇ, ಅದೇನು ಮಾಡೀತು?’ ಬೇರೆ ಯಾವ ಸೀಮೆಯವರು ಇದನ್ನು ಕೇಳಿದ್ದರೂ ತಾಳ್ಮೆಯಿಂದ ವಿವರಿಸುತ್ತಿದ್ದೆ. ನಾವು ಕೇಳುವುದೇ? ಮಳೆಯಲ್ಲಿ ನೆಂದ ಹೊಗೆಸೊಪ್ಪು ಮುರಿದು ಬಂದ ಹೆಂಗಸರು ಊಟ ಬೇಡವೆಂದು ಜಗಲಿಯ ಮೇಲೆ ಮುದುಡಿ ಮಲಗುವುದನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ತಲೆಸುತ್ತು, ಓಕರಿಕೆ, ವಾಂತಿ. ಅವರು ಒಂದೆಲೆಯನ್ನೂ ಬಾಯಿಗಿಟ್ಟವರಲ್ಲ. ಎಲೆಯ ತೇವದಲ್ಲಿ ಕರಗಿದ ನಿಕೋಟಿನ್ ಅಂಗೈ, ತೋಳುಗಳ ಚರ್ಮದ ಮೂಲಕವೇ ಒಳಗಿಳಿದಿರುತ್ತದೆ. ಅದೇ ಸೊಪ್ಪಿನ ಕಷಾಯ ಹೊಡೆದರೆ ಹುಳ ಸಾಯುತ್ತದೆಂದು ರೈತನಿಗೆ ಗೊತ್ತು. ಗಿಡ ತನ್ನ ಎಲೆಯಲ್ಲಿ ಘಾಟು ತುಂಬಿಕೊಳ್ಳುವುದು ಬಹುಮಟ್ಟಿಗೆ ತನ್ನನ್ನು ತಿನ್ನಲು ಬಂದವರನ್ನು ಓಡಿಸುವುದಕ್ಕೆ. ನಮ್ಮ ನೆಲ ಘಮಘಮಿಸಲೆಂದು ಅದು ಎಣ್ಣೆ ಮಾಡುವುದಿಲ್ಲ. ಸೊಪ್ಪು ಹದಮಾಡುವ ಬ್ಯಾರನ್ ಮುಂದೆ ಕೂತು ಬೆಳೆದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿ ಬಂದದ್ದೇ ನನಗೆ ಸೋಜಿಗ.

‘ನಮ್ಮಜ್ಜಿ ಕಾಲದಿಂದ ಇದೆ.’ ಇರಲಿಲ್ಲ. ಅಜ್ಜಿ ಪಾತ್ರೆಗೆ ಬೂದಿ ಹಾಕುತ್ತಿದ್ದಳು, ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು, ಬಟ್ಟೆಗೆ ಅಂಟುವಾಳ, ನೆಲಕ್ಕೆ ಸಗಣಿ. ಭಟ್ಟಿ ಇಳಿಸಿದ ಎಣ್ಣೆ ಅವಳ ಅಡುಗೆಮನೆಯಲ್ಲಿ ಎಲ್ಲಿತ್ತು? ನಮ್ಮ ಜಿಲ್ಲೆಗೆ ಅಂಥ ಎಣ್ಣೆಯ ದೊಡ್ಡ ಪರಿಚಯವಾದದ್ದೇ ಮೈಸೂರಿನ ಶ್ರೀಗಂಧದ ಎಣ್ಣೆ ಕಾರ್ಖಾನೆಯಿಂದ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಕೊರಡು ಹೋಗುವುದು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಎಣ್ಣೆಯನ್ನು ಇಲ್ಲೇ ತೆಗೆಯಲು ಹೊರಟಿತು. ನೂರು ಕಿಲೋ ನೀಲಗಿರಿ ಎಲೆ ಬೇಯಿಸಿದರೆ ಸಿಗುವುದು ಒಂದೆರಡು ಕಿಲೋ ಎಣ್ಣೆ. ಹಂಡೆಗೆ ನಾಲ್ಕು ಎಲೆ ಹಾಕಿ ಮೈ ತೊಳೆಯುವುದಕ್ಕೂ ಈ ಸಾರವನ್ನು ಮುಚ್ಚಳಗಟ್ಟಲೆ ಸುರಿಯುವುದಕ್ಕೂ ಅಜ್ಜಿಯೊಬ್ಬಳನ್ನೇ ಸಾಕ್ಷಿ ಕರೆದರೆ ಹೇಗೆ?

‘ಪರಿಮಳ ಬಂತು ಅಂದರೆ ಕ್ಲೀನಾಯಿತು.’ ಪರಿಮಳ ಮೂಗಿಗೆ, ಕೊಳೆ ನೆಲಕ್ಕೆ. ಜಿಡ್ಡು ಬಿಡಿಸುವ ಕೆಲಸ ಸೋಪಿನದು. ಎಣ್ಣೆ ನೀರಿಗೆ ಬೆರೆಯದು. ಬಕೆಟ್ಟಿಗೆ ನೇರ ಹಾಕಿದರೆ ಮೇಲೆ ತೇಲುತ್ತದೆ, ಒರೆಸುವ ಬಟ್ಟೆಗೆ ಮೊದಲು ಹತ್ತುವುದೂ ಆ ಗಟ್ಟಿ ಎಣ್ಣೆಯೇ, ಕೈಗೆ ತಾಗುವುದೂ ಅದೇ. ಆದ್ದರಿಂದ ಒಂದು ಚಮಚ ಸೋಪಿನ ದ್ರವಕ್ಕೆ ಹತ್ತು ಹನಿ ಚೆನ್ನಾಗಿ ಕಲಸಿ, ಆಮೇಲೆ ಅರ್ಧ ಬಕೆಟ್ ನೀರಿಗೆ ಹಾಕಿ. ಹತ್ತು ಹನಿಯೆಂದರೆ ಸುಮಾರು ಅರ್ಧ ಎಂಎಲ್, ಸಾಕು. ಕೈಗವಸು ಇರಲಿ, ಕಿಟಕಿ ತೆರೆದಿರಲಿ, ಗ್ಯಾಸ್ ಒಲೆ, ದೇವರ ದೀಪದ ಹತ್ತಿರ ಸಿಂಪಡಿಸಬೇಡಿ. ಇವು ಬೆಂಕಿ ಹಿಡಿಯುವ ಎಣ್ಣೆಗಳು. ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆ ಗಾಳಿಗೆ ಹಳತಾದಷ್ಟೂ ಚರ್ಮಕ್ಕೆ ಹೆಚ್ಚು ತುರಿಕೆ ತರುತ್ತದೆ. ಉಳಿದದ್ದನ್ನು ವರ್ಷಗಟ್ಟಲೆ ಕಾಪಾಡುವ ಜಿಪುಣತನ ಇಲ್ಲಿ ಬೇಡ.

‘ಇದುವರೆಗೆ ಯಾರಿಗೂ ಏನೂ ಆಗಿಲ್ಲ.’ ಆಗಿದೆ, ಯಾರೂ ಎಣ್ಣೆಯ ಲೆಕ್ಕಕ್ಕೆ ಬರೆದುಕೊಂಡಿಲ್ಲ, ಅಷ್ಟೇ. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ವೈದ್ಯರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ನಾಲ್ಕು ಆಸ್ಪತ್ರೆಗಳು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫಿಟ್ಸ್ ಬಂದು ದಾಖಲಾದ 350 ಮಂದಿ ವಯಸ್ಕರ ಪೈಕಿ 55 ಮಂದಿಗೆ ನೀಲಗಿರಿ, ಕರ್ಪೂರದಂಥ ಎಣ್ಣೆಗಳ ನಂಟು ಕಂಡುಬಂತು. ಅವರೆಲ್ಲ ಕುಡಿದವರಲ್ಲ; ಮೂಸಿದವರು, ಹಚ್ಚಿಕೊಂಡವರೂ ಇದ್ದರು. ನೆಲ ಒರೆಸಿದವರಿಗೆಲ್ಲ ಫಿಟ್ಸ್ ಬರುತ್ತದೆಂದು ಇದರಿಂದ ಹೇಳಲಾಗದು, ನಾನೂ ಹೇಳುತ್ತಿಲ್ಲ. ಆದರೆ ಮನೆಯಲ್ಲಿ ಫಿಟ್ಸ್ ಇರುವವರಿದ್ದರೆ, ಉಬ್ಬಸದವರಿದ್ದರೆ, ತೊಟ್ಟಿಲ ಕೂಸಿದ್ದರೆ ಈ ಪರಿಮಳವನ್ನೇ ಬಿಟ್ಟುಬಿಡಿ. ಒಂದು ಚಮಚ, ಅಂದರೆ 5 ಎಂಎಲ್ ನೀಲಗಿರಿ ಎಣ್ಣೆ ನುಂಗಿದರೆ ಪುಟ್ಟ ಮಗುವಿನ ಜೀವಕ್ಕೇ ಕುತ್ತು. ನುಂಗಿದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೊಯ್ಯಿರಿ. ಬೆಕ್ಕು ಸಾಕಿದವರಿಗೂ ಒಂದು ಮಾತು: ಈ ಎಣ್ಣೆಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಅದು ಮಾಡುವ ಮೊದಲ ಕೆಲಸ ಕಾಲು ನೆಕ್ಕುವುದು.

‘ಹಾಗಾದರೆ ನೀವು ಫಿನಾಯಿಲ್ ಕಂಪನಿಯ ಪರ.’ ಬಿಳಿ ಫಿನಾಯಿಲಿನ ವಾಸನೆ ಎಲ್ಲಿಂದ ಬರುತ್ತದೆಂದು ಡಬ್ಬಿ ತಿರುಗಿಸಿ ನೋಡಿದ್ದೀರಾ? ಅದರಲ್ಲಿ ಸಾಮಾನ್ಯವಾಗಿ ಇರುವುದು ಪೈನ್ ಎಣ್ಣೆ. ನೀವು ದೂರುವ ಕೆಮಿಕಲ್ಲೂ ನೀವು ಹೊಗಳುವ ನೈಸರ್ಗಿಕವೂ ಒಂದೇ ಡಬ್ಬಿಯಲ್ಲಿವೆ. ಪಕ್ಷ ಕಟ್ಟುವ ಬದಲು ಬ್ಲೀಚಿಂಗ್ ಪೌಡರಿಗೆ ನಿಂಬೆರಸ, ವಿನೆಗರ್ ಬೆರೆಸುವ ‘ಮನೆಮದ್ದು’ ನಿಲ್ಲಿಸಿ. ಅದರಿಂದ ಏಳುವುದು ಕ್ಲೋರಿನ್ ಅನಿಲ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಉಸಿರು ಕಟ್ಟುತ್ತದೆ.

‘ಹಂಗಾರೆ ಮನೇಲಿರೋ ಬಾಟ್ಲಿ ಎಸೆದುಬಿಡ್ಲಾ ಅಕ್ಕ?’ ಎಂದು ಸಭೆ ಮುಗಿದ ಮೇಲೆ ಒಬ್ಬಾಕೆ ಮೆಲ್ಲಗೆ ಕೇಳಿದಳು. ಬೇಡ ತಾಯಿ. ತಂಪು ಪಾನೀಯದ ಬಾಟಲಿಗೆ ಬಗ್ಗಿಸಿಡಬೇಡ. ಮಗು ಶರಬತ್ತೆಂದು ಎತ್ತೀತು, ಕೆಲವು ಎಣ್ಣೆಗೆ ಪ್ಲಾಸ್ಟಿಕ್ಕೂ ಮೆತ್ತಗಾದೀತು. ಬಣ್ಣದ ಗಾಜಿನ ಸೀಸೆಯಲ್ಲೇ ಇರಲಿ, ಮೇಲೆ ಎಣ್ಣೆಯ ಹೆಸರು ಬರೆದು ಅಂಟಿಸು. ನನ್ನ ಮನೆಯಲ್ಲೂ ಒಂದಿದೆ. ಬಚ್ಚಲ ಬಾಗಿಲ ಮೇಲಿನ ಹಲಗೆಯಲ್ಲಿ, ಸ್ಟೂಲು ಹಾಕದೆ ನನ್ನ ಕೈಗೂ ಎಟುಕದ ಕಡೆ.