ಮೂರು ಕೀಲಿ, ಎರಡು ಕೈ

ಮಕ್ಕಳೇ, ಕೊಟ್ಟೂರಿನ ತೇರು ಸಾಗುವಾಗ ಗಾಲಿಗಳ ಪಕ್ಕದಲ್ಲೇ ಮರದ ಬೆಣೆ ಹಿಡಿದು ನಡೆಯುವವರನ್ನು ಗಮನಿಸಿದ್ದೀರಾ? ಅಷ್ಟು ದೊಡ್ಡ ತೇರು ಬೇಕಾದಲ್ಲಿ ನಿಲ್ಲಬೇಕಾದರೆ ಬೆಣೆ ಕೈಗೆ ಸಿಗುವಂತಿರಬೇಕು. ಹಾಗಂತ ಯಾರದೋ ಕಾಲು ತಾಗಿ ಗಾಲಿಯಡಿ ಹೋಗುವಂತೆ ಬಿದ್ದಿರಬಾರದು.

ಕಂಪ್ಯೂಟರಿಗೂ ಇಂಥ ಬೆಣೆಯೊಂದಿದೆ: ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳು. 1981ರಲ್ಲಿ ಮಾರುಕಟ್ಟೆಗೆ ಬಂದ ಐಬಿಎಂ ಪಿಸಿಯನ್ನು ರೂಪಿಸುವಾಗ ಯಂತ್ರ ಆಗಾಗ ಸ್ತಬ್ಧವಾಗುತ್ತಿತ್ತು. ಪ್ರತಿ ಸಲ ಆರಿಸಿ ಮತ್ತೆ ಹಾಕಿದರೆ ಮೆಮೊರಿ ಪರೀಕ್ಷೆ ಮುಗಿಯುವವರೆಗೆ ಕಾಯಬೇಕು. ಅದನ್ನು ತಪ್ಪಿಸಲು ಎಂಜಿನಿಯರ್ ಡೇವಿಡ್ ಬ್ರಾಡ್ಲಿ ಮೂರು ಕೀಲಿಗಳ ಉಪಾಯ ಹೂಡಿದರು. ಮೊದಲು ಡಿಲೀಟ್ ಬದಲು ಎಸ್ಕೇಪ್ ಇತ್ತು. ಆದರೆ ಆ ಮೂರನ್ನೂ ಎಡಗೈಯೊಂದರಿಂದಲೇ ಒತ್ತಬಹುದಿತ್ತು. ಅಕಸ್ಮಾತ್ ತಾಗಿದರೂ ಯಂತ್ರ ಹೊಸದಾಗಿ ಶುರುವಾಗುತ್ತಿತ್ತು. ಅದಕ್ಕೇ ಬಲಗಡೆಯ ಡಿಲೀಟ್ ಬಂತು. ಎರಡು ಕೈ ಬೇಕೆಂದರೆ, ಮನಸ್ಸು ಮಾಡಿಯೇ ಒತ್ತಬೇಕು!

ಇದರಲ್ಲಿ ಹೋಗುವುದೇನು? ಹಡಗಲಿಯ ಅಜ್ಜಿ ಸೋಬಾನೆ ಪದ ಹೇಳುತ್ತಾ, ಮೊಮ್ಮಗಳು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದಾಳೆ ಎಂದುಕೊಳ್ಳಿ. ಸೇವ್ ಮಾಡುವ ಮೊದಲೇ ಕಂಪ್ಯೂಟರ್ ಮರುಶುರುವಾದರೆ ಅಷ್ಟೂ ಸಾಲು ಮಾಯ. ಅಜ್ಜಿಗೆ ಮತ್ತೆ ಅದೇ ಪದ ನೆನಪಾದೀತೇ?

ಈಗಿನ ವಿಂಡೋಸ್‌ನಲ್ಲಿ ಈ ಮೂರು ಕೀಲಿ ಒತ್ತಿದರೆ ಒಂದು ಪಟ್ಟಿ ಬರುತ್ತದೆ, ಅಷ್ಟೇ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕಲಿಯುವ ಲಿನಕ್ಸ್‌ನಲ್ಲೂ, ಚಿತ್ರಗಳಿರುವ ಪರದೆಯಾದರೆ ಸಾಮಾನ್ಯವಾಗಿ ‘ಹೊರಹೋಗಬೇಕೇ?’ ಎಂದು ಕೇಳುತ್ತದೆ. ಆದರೆ ಬರೀ ಅಕ್ಷರಗಳ ಕಪ್ಪು ಪರದೆಯಿರುವ ಅನೇಕ ಲಿನಕ್ಸ್ ಯಂತ್ರಗಳು ಕೇಳದೆಯೇ ಮರುಶುರುವಾಗುತ್ತವೆ. ಕಚೇರಿಯ ದೊಡ್ಡ ಯಂತ್ರದ ಮುಂದೆ ಯಾರಾದರೂ ವಿಂಡೋಸ್ ಅಭ್ಯಾಸದಲ್ಲಿ ಅದನ್ನು ಒತ್ತಿದರೆ, ಕೌಂಟರಿನ ಸಾಲೆಲ್ಲ ಕಾಯಬೇಕು.

ಹಾಗಾದರೆ ತೆಗೆದೇಬಿಡೋಣವೇ? ಬೇಡ. ಮೌಸ್ ಅಲ್ಲಾಡದೆ ನಿಂತಾಗ ಪವರ್ ಗುಂಡಿಯನ್ನು ಒತ್ತಿಹಿಡಿದು ಆರಿಸುವುದಕ್ಕಿಂತ ಲಿನಕ್ಸ್‌ನ ಈ ಕೀಲಿಗಳೇ ಮೇಲು. ಅವು ಕಾರ್ಯಕ್ರಮಗಳನ್ನು ಕ್ರಮವಾಗಿ ಮುಚ್ಚಿಸಿ ಮರುಶುರು ಮಾಡುತ್ತವೆ. ಬೆಣೆ ಇರಲಿ. ಆದರೆ ಹೊಸ ಕಂಪ್ಯೂಟರ್ ಮನೆಗೆ ಬಂದಾಗಲೇ ಅದು ‘ಕೇಳಿ ಮಾಡು’ ಎಂಬಂತಿರಲಿ. ಕೇಳದೆ ಮಾಡುವುದು ಬೇಕಾದವರು, ತಿಳಿದವರು, ತಾವೇ ಹಾಗೆ ಬದಲಿಸಿಕೊಳ್ಳಲಿ.

ಅಲ್ಲಿಯವರೆಗೆ ಕೂಡ್ಲಿಗಿಯಲ್ಲಾಗಲಿ ಹರಪನಹಳ್ಳಿಯಲ್ಲಾಗಲಿ, ಅಜ್ಜ ಅಜ್ಜಿಯರ ಪಕ್ಕ ಕೂತು ಟೈಪ್ ಮಾಡುವ ಮಕ್ಕಳು ಇನ್ನೆರಡು ಕೀಲಿ ಕಲಿಯಿರಿ: ಕಂಟ್ರೋಲ್ ಮತ್ತು ಎಸ್. ಪ್ರತಿ ಸಾಲು ಮುಗಿದಾಗಲೂ ಒತ್ತಿ. ಬರೆದದ್ದು ಉಳಿಯುತ್ತದೆ.