ಮೇಷ್ಟ್ರು ತಿದ್ದಿದ ಲೆಕ್ಕ

ಶಾಲೆಯಲ್ಲಿ ಸರಳ ಲೋಲಕದ ಪ್ರಯೋಗ ಮಾಡಿಸುವಾಗಲೆಲ್ಲ ಒಂದು ತಮಾಷೆ ನಡೆಯುತ್ತದೆ. ದಾರದ ತುದಿಗೆ ಗುಂಡು ಕಟ್ಟಿ ತೂಗಿಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದು, ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಿ ಎಂದರೆ ಅರ್ಧ ತರಗತಿಗೆ ಉತ್ತರ ಕರಾರುವಾಕ್ಕಾಗಿ 9.8 ಬಂದಿರುತ್ತದೆ. ಕಿಟಕಿಯಿಂದ ಗಾಳಿ ಬೀಸುತ್ತಿರುತ್ತದೆ, ಗುಂಡು ಅಡ್ಡಾದಿಡ್ಡಿ ಸುತ್ತುತ್ತಿರುತ್ತದೆ, ಎಣಿಸುವವನು ಪಕ್ಕದವನ ಜೊತೆ ಮಾತಾಡುತ್ತಿರುತ್ತಾನೆ. ಉತ್ತರ ಮಾತ್ರ 9.8! ಉತ್ತರವನ್ನು ಮೊದಲೇ ಇಟ್ಟುಕೊಂಡು, ಅದಕ್ಕೆ ತಕ್ಕ ಅಳತೆಗಳನ್ನು ಆಮೇಲೆ ಹುಟ್ಟಿಸಿದ ರೆಕಾರ್ಡ್ ಪುಸ್ತಕಕ್ಕೆ ನಾನು ಸಹಿ ಹಾಕುವುದಿಲ್ಲ. ‘9.3 ಬಂದರೆ 9.3 ಎಂದೇ ಬರೆಯಿರಿ. ಯಾಕೆ ಬಂತೆಂದು ಆಮೇಲೆ ಹುಡುಕೋಣ’ ಎಂದು ಇಪ್ಪತ್ತೈದು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ.

ಅಂಥ ನಾನೇ ಹೋದ ವರ್ಷ ಅದೇ ತಪ್ಪು ಮಾಡಿ ಸಿಕ್ಕಿಬಿದ್ದೆ. ಆ ಕಥೆಯನ್ನು ಈ ವಾರ ಹೇಳಿಬಿಡುತ್ತೇನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇರುವ ವಿದ್ಯಾರ್ಥಿಗಳಿಗೂ ಪೋಷಕರಿಗೂ ಉಪಯೋಗವಾದೀತು. ಅಂಥ ಮನೆಗಳು ಕಡಿಮೆಯೇನಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಈ ಕಾಯಿಲೆ ಇದೆ.

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದು ಆರು ವರ್ಷಗಳಾದವು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಒಂದು ಗ್ಲೂಕೋಮೀಟರ್ ತಂದುಕೊಟ್ಟಳು. ಜೊತೆಗೆ ನನ್ನ ಮೊಬೈಲಿನಲ್ಲಿ ಗೂಗಲ್ ಶೀಟ್ಸ್ ಎಂಬ ಪಟ್ಟಿಯನ್ನೂ ತೆರೆದುಕೊಟ್ಟಳು. ನಾನು ಇಲ್ಲಿ ಬಿದರೆಹಳ್ಳಿ ಕಾವಲ್‌ನಲ್ಲಿ ಕೂತು ಅಂಕಿ ಬರೆದರೆ ಮರುಕ್ಷಣವೇ ಅದು ಅವಳ ಫೋನಿನಲ್ಲೂ ಕಾಣುತ್ತದೆ. ಸರಾಸರಿಯನ್ನು ಶೀಟೇ ಕಟ್ಟುತ್ತದೆ, ನಕ್ಷೆಯನ್ನೂ ಎಳೆಯುತ್ತದೆ. ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡುತ್ತಾ ಬೆಳೆದ ನನಗೆ ಇದು ಬಹಳ ಹಿಡಿಸಿತು.

ಮೊದಲ ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಒಂದು ಭಾನುವಾರ ತುಮಕೂರಿಗೆ ಹೋದವನು ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಮನಸೋತೆ. ಮೂರು ಇಡ್ಲಿ, ಮೇಲೆ ಬೆಣ್ಣೆ. ಎರಡು ಗಂಟೆ ಬಿಟ್ಟು ಅಳೆದಾಗ 238. ಪ್ರಾಮಾಣಿಕವಾಗಿ ಬರೆದೆ. ಐದೇ ನಿಮಿಷಕ್ಕೆ ಫೋನು ಬಂತು.

‘ಏನಪ್ಪಾ ತಿಂದೆ? ನಿನಗೆ ಎಷ್ಟು ಸಲ ಹೇಳಬೇಕು?’

ಮುಂದಿನ ವಾರ 226 ಬಂತು. ಬೆರಳು 126 ಎಂದು ಒತ್ತಿತು. ಫೋನು ಬರಲಿಲ್ಲ. ಒಂದೇ ಒಂದು ಅಂಕಿ ಬದಲಿಸಿದರೆ ಮನೆಯಲ್ಲಿ ಇಷ್ಟು ನೆಮ್ಮದಿ ಸಿಗುವುದಾದರೆ ಯಾರಿಗೆ ಬೇಡ? ಆಮೇಲೆ ಅದೇ ಅಭ್ಯಾಸವಾಯಿತು.

ಮೂರು ತಿಂಗಳ ನಂತರ ಗುಬ್ಬಿಯಲ್ಲಿ ನಮ್ಮ ವೈದ್ಯರನ್ನು ಕಾಣಲು ಹೋದೆ. ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆಯ ಫಲಿತಾಂಶ ಅವರ ಮೇಜಿನ ಮೇಲಿತ್ತು. ಅದರಲ್ಲಿ ಶೇಕಡ 9 ಎಂದಿತ್ತು. ನನ್ನ ಶೀಟಿನ ಸರಾಸರಿ 142. ಅವರು ಎರಡನ್ನೂ ನೋಡಿ ಕನ್ನಡಕ ತೆಗೆದರು.

‘ಮೇಷ್ಟ್ರೇ, ಶೇಕಡ 9 ಅಂದರೆ ಸರಾಸರಿ ಸಕ್ಕರೆ 212ರ ಹತ್ತಿರ ಇರಬೇಕು. ನಿಮ್ಮ ಲೆಕ್ಕ 142 ಅನ್ನುತ್ತಿದೆ. ಬರೀ ಖಾಲಿ ಹೊಟ್ಟೆಯಲ್ಲಿ ಅಳೆದರೆ ಹೀಗಾಗಬಹುದು. ರಕ್ತಹೀನತೆ ಇದ್ದರೂ ಒಮ್ಮೊಮ್ಮೆ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಎಲ್ಲಿ, ಮೀಟರ್ ಕೊಡಿ.’

ಮೀಟರಿಗೆ ನೆನಪಿನ ಶಕ್ತಿ ಇದೆಯೆಂಬುದನ್ನು ನಾನು ಮರೆತಿದ್ದೆ. ಅವರು ಗುಂಡಿ ಒತ್ತುತ್ತಾ ಹೋದರು: 226, 241, 219... ಅವರು ಬೈಯಲಿಲ್ಲ. ‘ನಿಮ್ಮ ಶೀಟನ್ನೇ ನಂಬಿದ್ದರೆ ಇದೇ ಮಾತ್ರೆ ಮುಂದುವರಿಸಿ ಎಂದು ಕಳಿಸುತ್ತಿದ್ದೆ. ಕಣ್ಣಿನ ಪರದೆಗೆ, ಮೂತ್ರಪಿಂಡಕ್ಕೆ, ಪಾದದ ನರಗಳಿಗೆ ನಿಮ್ಮ ಶೀಟು ಗೊತ್ತಿಲ್ಲ ಮೇಷ್ಟ್ರೇ, ರಕ್ತ ಮಾತ್ರ ಗೊತ್ತು’ ಎಂದರು. ಸಹಿ ಹಾಕದೆ ವಾಪಸು ಕೊಟ್ಟ ರೆಕಾರ್ಡ್ ಪುಸ್ತಕ ಹಿಡಿದ ಹುಡುಗನ ಹಾಗೆ ಕೂತಿದ್ದೆ.

ವೈದ್ಯರಿಗೆ ಈ ಲೆಕ್ಕ ಸಿಕ್ಕಿದ್ದು ಹೇಗೆ? ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಇರುತ್ತದೆಂದು ನೀವು ಓದಿದ್ದೀರಿ. ರಕ್ತದಲ್ಲಿರುವ ಗ್ಲೂಕೋಸು ಈ ಹಿಮೋಗ್ಲೋಬಿನ್ನಿಗೆ ನಿಧಾನವಾಗಿ ಅಂಟಿಕೊಳ್ಳುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಅಂಟುವುದು ಹೆಚ್ಚು. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ನೂರು ಭಾಗ ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಭಾಗಕ್ಕೆ ಸಕ್ಕರೆ ಅಂಟಿದೆಯೆಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. 5.7ಕ್ಕಿಂತ ಕಡಿಮೆಯಿದ್ದರೆ ಸಹಜ, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ. ಆ ಅಂಕಿಯನ್ನು 28.7ರಿಂದ ಗುಣಿಸಿ 46.7 ಕಳೆಯಿರಿ, ಸರಾಸರಿ ಸಕ್ಕರೆ ಬರುತ್ತದೆ. ಈ ಲೆಕ್ಕವನ್ನು ಮಾಡಿಕೊಡುವ ಪುಟಗಳು ಇಂಟರ್‌ನೆಟ್‌ನಲ್ಲಿ ಬೇಕಾದಷ್ಟಿವೆ, ಏಳನೆಯ ತರಗತಿಯ ಮಕ್ಕಳು ಕಾಗದದ ಮೇಲೂ ಮಾಡಬಹುದು. ವೈದ್ಯರಲ್ಲಿಗೆ ಹೋಗುವ ಹಿಂದಿನ ಎರಡು ದಿನ ಪಥ್ಯ ಮಾಡುವವರಿಗೆ ಈ ಪರೀಕ್ಷೆ ಮಣಿಯುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಓದಿದವನಿಗೆ ವರ್ಷದ ಹಾಜರಿ ಪುಸ್ತಕ ಮಣಿಯದ ಹಾಗೆ.

ಅಂಕಿ ತಿದ್ದಿದವನು ನಾನೊಬ್ಬನೇ ಅಲ್ಲವೆಂದು ಆಮೇಲೆ ಓದಿ ತಿಳಿದು ಸ್ವಲ್ಪ ಸಮಾಧಾನವಾಯಿತು. ಅಮೆರಿಕದಲ್ಲಿ ಕೆಲವು ರೋಗಿಗಳಿಗೆ, ಮೀಟರಿನೊಳಗೆ ನೆನಪಿನ ಚಿಪ್ ಇದೆಯೆಂಬುದನ್ನು ಹೇಳದೆ, ಸಕ್ಕರೆ ಅಳೆದು ಪುಸ್ತಕದಲ್ಲಿ ಬರೆಯಲು ಹೇಳಿದ್ದರು. 1984ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪುಸ್ತಕಕ್ಕೂ ಚಿಪ್ಪಿಗೂ ತಾಳೆಯಾಗಲಿಲ್ಲ. ಹೆಚ್ಚು ಬಂದದ್ದನ್ನು ಬಿಟ್ಟವರಿದ್ದರು, ಅಳೆಯದೆಯೇ ಬರೆದವರೂ ಇದ್ದರು. ಇವರಿಗೆ ಮೋಸ ಮಾಡಿ ಏನೂ ಸಿಗಬೇಕಾಗಿರಲಿಲ್ಲ. ಅಂಕಿಯನ್ನು ಅಳತೆ ಎಂದು ನೋಡದೆ ಪರೀಕ್ಷೆಯ ಅಂಕ ಎಂದು ನೋಡಿದರೆ ಯಾರೂ ಮಾಡುವ ಕೆಲಸವೇ ಇದು.

ಅಂಕಿಯನ್ನು ಅಂಕಿಯೆಂದೇ ನೋಡಿದವನ ಕಥೆಯೂ ಒಂದಿದೆ. ಹಿಂದೆ ಸಕ್ಕರೆ ಅಳೆಯಲು ಮೂತ್ರ ಪರೀಕ್ಷೆಯೇ ಗತಿ. ಬೆನೆಡಿಕ್ಟ್ ದ್ರಾವಣದೊಂದಿಗೆ ಕಾಯಿಸಿದಾಗ ನೀಲಿ ಹೋಗಿ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು ಬರುವುದನ್ನು ಪಿಯುಸಿ ಮಕ್ಕಳು ನೋಡಿರುತ್ತಾರೆ. ಆದರೆ ರಕ್ತದ ಸಕ್ಕರೆ ಸುಮಾರು 180 ದಾಟುವವರೆಗೆ ಮೂತ್ರದಲ್ಲಿ ಅದು ಕಾಣುವುದೇ ಇಲ್ಲ. ಅಮೆರಿಕದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೈನ್‌ಗೆ 12ನೆಯ ವಯಸ್ಸಿನಿಂದ ಈ ಕಾಯಿಲೆ. 1969ರಲ್ಲಿ ಆತ ರಕ್ತದ ಸಕ್ಕರೆ ಅಳೆಯುವ ಹೊಸ ಮೀಟರಿನ ಜಾಹೀರಾತು ನೋಡಿದ. ಒಂದು ಕಿಲೋಗಿಂತ ಹೆಚ್ಚು ತೂಗುತ್ತಿದ್ದ ಆ ಯಂತ್ರವನ್ನು ವೈದ್ಯರಿಗೆ ಮಾತ್ರ ಮಾರುತ್ತಿದ್ದರು. ಆತನ ಹೆಂಡತಿ ವೈದ್ಯೆ, ಆಕೆಯ ಹೆಸರಿನಲ್ಲಿ ಕೊಂಡ. ದಿನಕ್ಕೆ ಹಲವು ಬಾರಿ ಅಳೆದು, ಯಾವ ಊಟಕ್ಕೆ ಎಷ್ಟು ಏರಿತು, ಯಾವ ಹೊತ್ತಿಗೆ ಎಷ್ಟು ಇಳಿಯಿತು ಎಂದು ಬರೆಯುತ್ತಾ ಹೋಗಿ ತನ್ನ ದೇಹದ ನಡೆಯನ್ನು ತಾನೇ ಕಂಡುಕೊಂಡ. ರೋಗಿಗಳು ಮನೆಯಲ್ಲೇ ಅಳೆದುಕೊಳ್ಳಬಹುದೆಂಬ ಮಾತನ್ನು ವೈದ್ಯಲೋಕ ಕೇಳದಿದ್ದಾಗ, 45ನೆಯ ವಯಸ್ಸಿನಲ್ಲಿ ವೈದ್ಯಕೀಯ ಕಾಲೇಜು ಸೇರಿ ಡಾಕ್ಟರೇ ಆದ. 2025ರಲ್ಲಿ ತೀರಿಕೊಂಡಾಗ ಆತನಿಗೆ 90 ವರ್ಷ.

ನಮ್ಮ ಕಾವಲ್‌ನಲ್ಲೇ ಇದಕ್ಕೆ ಉದಾಹರಣೆ ಇದೆ. 2016ರಲ್ಲಿ ಅಡಿಗಲ್ಲು ಬಿದ್ದು 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆಯಲ್ಲಿ ಹರಡಿದೆ. ಹಾರುವ ಯಂತ್ರ ಯಾವುದೇ ಇರಲಿ, ಅದಕ್ಕೊಂದು ಲಾಗ್‌ಬುಕ್ ಇರುತ್ತದೆ. ಎಷ್ಟು ಗಂಟೆ ಹಾರಿತು, ಏನು ದೋಷ ಕಂಡಿತು ಎಂದೆಲ್ಲ ಬರೆಯುತ್ತಾರೆ. ದೋಷವನ್ನು ಬರೆದದ್ದಕ್ಕೆ ಯಂತ್ರವನ್ನು ಯಾರೂ ಬೈಯುವುದಿಲ್ಲ. ಬರೆಯದೆ ಬಿಟ್ಟರೆ ಅಪಾಯ, ಅಷ್ಟೆ.

ಈಗ ಬಳಸುವ ಕ್ರಮಕ್ಕೆ ಬರೋಣ. ಬರೀ ಅಂಕಿ ಸಾಲದು. ಹೊತ್ತು, ಊಟಕ್ಕೆ ಮುಂಚೆಯೋ ಆಮೇಲೋ, ಏನು ತಿಂದದ್ದು, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡದ್ದು, ನಡೆದದ್ದು ಇವಿಷ್ಟೂ ಪಕ್ಕದಲ್ಲಿ ಇರಬೇಕು. ಮೀಟರಿನಿಂದ ಬ್ಲೂಟೂತ್ ಮೂಲಕ ಅಂಕಿಯನ್ನು ತಾನೇ ಎಳೆದುಕೊಳ್ಳುವ ಆಪ್‌ಗಳೂ ಇವೆ. ಅಲ್ಲಿ ನನ್ನಂಥವರ ಕೈಚಳಕ ನಡೆಯುವುದಿಲ್ಲ. ಆಪ್ ಹಾಕಿಕೊಂಡ ಮೇಲೆ ಮೊದಲು ಅಳತೆಯ ಮಾನ ನೋಡಿ. ನಾವು ಬಳಸುವುದು ಡೆಸಿಲೀಟರಿಗೆ ಮಿಲಿಗ್ರಾಂ. ಕೆಲವು ದೇಶಗಳಲ್ಲಿ ಲೀಟರಿಗೆ ಮಿಲಿಮೋಲ್ ಬಳಸುತ್ತಾರೆ. ಅಲ್ಲಿ 5.5 ಎಂದು ಕಂಡರೆ ಗಾಬರಿ ಬೇಡ, 18ರಿಂದ ಗುಣಿಸಿದರೆ ನಮ್ಮ 99.

ಕೈ ತೊಳೆದು ಒರೆಸಿಕೊಂಡೇ ಬೆರಳು ಚುಚ್ಚಿ. ಹಲಸಿನ ತೊಳೆ ಬಿಡಿಸಿದ ಕೈಯಲ್ಲಿ ಅಳೆದರೆ ರಕ್ತದ ಜೊತೆ ಹಲಸಿನ ಸಕ್ಕರೆಯನ್ನೂ ಅಳೆದ ಹಾಗಾಗುತ್ತದೆ. ಮೀಟರಿಗೂ ಒಂದು ಮಿತಿ ಇದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 100ರ ಮೇಲಿನ ಅಳತೆಯಲ್ಲಿ ಶೇಕಡ 15ರಷ್ಟು ಹೆಚ್ಚು ಕಡಿಮೆಯಾದರೆ ಅದನ್ನು ತಪ್ಪೆನ್ನುವಂತಿಲ್ಲ. ಅಂದರೆ ಪ್ರಯೋಗಾಲಯದ 200, ಮನೆಯ ಮೀಟರಿನಲ್ಲಿ 170 ಆಗಿಯೂ 230 ಆಗಿಯೂ ಕಂಡೀತು. ನಿನ್ನೆ 126 ಇದ್ದದ್ದು ಇಂದು 131 ಆಯಿತೆಂದು ನಿದ್ದೆಗೆಡುವುದು ಬೇಡ. ವಾರಗಟ್ಟಲೆ ನಕ್ಷೆ ಯಾವ ಕಡೆ ಸಾಗಿದೆ ಎಂಬುದೇ ಮುಖ್ಯ.

ಮೊಬೈಲಿನ ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಸಕ್ಕರೆ ಹೇಳುತ್ತೇವೆ ಎನ್ನುವ ಆಪ್‌ಗಳನ್ನು ನಂಬಬೇಡಿ. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ಕೈಗಡಿಯಾರ, ಉಂಗುರಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಎಚ್ಚರಿಸಿದೆ. ತೋಳಿಗೆ ಅಂಟಿಸುವ ಸೆನ್ಸರ್‌ನ ವಿಷಯ ಬೇರೆ. ಅದರ ಸಣ್ಣ ಎಳೆ ಚರ್ಮದೊಳಗೆ ಇಳಿದು ಜೀವಕೋಶಗಳ ನಡುವಿನ ದ್ರವದಲ್ಲಿ ಸಕ್ಕರೆ ಅಳೆಯುತ್ತದೆ, ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ.

ಯಾವ ಆಪ್ ಏನೇ ಹೇಳಲಿ, ಮಾತ್ರೆ ಏರಿಸಿ ಇಳಿಸುವುದು ವೈದ್ಯರ ಕೆಲಸ. ಒಂದಕ್ಕೆ ಮಾತ್ರ ಕಾಯಬಾರದು: 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಪೋಷಕರಿಗೆ ಒಂದು ಮಾತು. ಇನ್ಸುಲಿನ್ ಮೇಲೆಯೇ ಬದುಕುವ ಮಕ್ಕಳು ನಮ್ಮ ಶಾಲೆಗಳಲ್ಲೂ ಇದ್ದಾರೆ. ಅಂಥ ಮಗುವಿನ ಪುಸ್ತಕದಲ್ಲಿ 280 ಕಂಡಾಗ ‘ಕದ್ದು ಏನು ತಿಂದೆ?’ ಎಂದು ಗದರಿದರೆ ಮರುದಿನ 140 ಕಾಣುತ್ತದೆ. ಆ ಸುಳ್ಳು 140ನ್ನು ನಂಬಿ ಇನ್ಸುಲಿನ್ ನಿರ್ಧಾರವಾದರೆ ಜೀವಕ್ಕೇ ಸಂಚಕಾರ. ನನಗಾದರೆ ಐವತ್ತು ದಾಟಿದೆ, ಮೂರು ತಿಂಗಳ ಹಾನಿ. ಮಗುವಿಗೆ ಮೂರು ದಿನವೂ ಹೆಚ್ಚು. ಬೆಳೆಯುವ ಮಕ್ಕಳಲ್ಲಿ ಜ್ವರಕ್ಕೂ ಸಕ್ಕರೆ ಏರುತ್ತದೆ, ಪರೀಕ್ಷೆಯ ಭಯಕ್ಕೂ ಏರುತ್ತದೆ. ಶಿಕ್ಷಕ ಮಿತ್ರರಲ್ಲೂ ಒಂದು ಕೋರಿಕೆ: ತರಗತಿಯಲ್ಲಿ ಅಳೆದುಕೊಳ್ಳಲು, ಬೇಕಾದಾಗ ತಿನ್ನಲು ಆ ಮಗುವಿಗೆ ಅವಕಾಶ ಕೊಡಿ. ಇಂಥ ಮಕ್ಕಳು ಪರೀಕ್ಷಾ ಕೊಠಡಿಗೆ ತಿಂಡಿ ಒಯ್ಯಲು ಸಿಬಿಎಸ್‌ಇ 2017ರಲ್ಲೇ ಅನುಮತಿ ಕೊಟ್ಟಿದೆ.

ನನ್ನ ಕಥೆ ಮುಗಿಸುತ್ತೇನೆ. ಅಂದು ರಾತ್ರಿಯೇ ಮಗಳಿಗೆ ಫೋನು ಮಾಡಿ ಇದ್ದದ್ದು ಹೇಳಿದೆ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ‘ನಾನು ಬೈತೀನಿ ಅಂತ ತಿದ್ದಿದೆಯಾ ಅಪ್ಪಾ?’ ಎಂದಳು. ಶೀಟಿನಲ್ಲಿ ಊಟದ ಕಲಮೊಂದನ್ನು ಸೇರಿಸಿದಳು. ಮೂರು ವಾರ ಸರಿಯಾಗಿ ಬರೆದ ಮೇಲೆ ನಕ್ಷೆಯಲ್ಲಿ ಒಂದು ಗುಡ್ಡ ಎದ್ದು ಕಂಡಿತು. ಬೆಳಿಗ್ಗೆ ಪರವಾಗಿಲ್ಲ, ರಾತ್ರಿ ಪರವಾಗಿಲ್ಲ, ಸಂಜೆ ನಾಲ್ಕಕ್ಕೆ ಮಾತ್ರ ಯಾವಾಗಲೂ 220ರ ಮೇಲೆ. ತಟ್ಟೆ ಇಡ್ಲಿಯನ್ನು ಬೈದದ್ದು ತಪ್ಪಾಗಿತ್ತು. ಅದು ತಿಂಗಳಿಗೊಮ್ಮೆ. ದಿನವೂ ಇದ್ದದ್ದು ಮಧ್ಯಾಹ್ನದ ತಟ್ಟೆ ತುಂಬ ಅನ್ನ, ಆಮೇಲೆ ಸ್ಟಾಫ್ ರೂಮಿನಲ್ಲಿ ಎರಡು ಸಲ ಸಕ್ಕರೆ ಹಾಕಿದ ಟೀ, ಜೊತೆಗೆ ಬಿಸ್ಕತ್ತು. ವೈದ್ಯರು ಮಾತ್ರೆ ಬದಲಿಸಿದರು. ನಾನು ಅನ್ನ ಅರ್ಧ ಮಾಡಿ, ಊಟವಾದ ಮೇಲೆ ಶಾಲೆಯ ಮೈದಾನ ಸುತ್ತತೊಡಗಿದೆ. ಮುಂದಿನ ಪರೀಕ್ಷೆಯಲ್ಲಿ 7.6 ಬಂತು. ಇನ್ನೂ ಇಳಿಯಬೇಕು.

ಮಕ್ಕಳೇ, ಮನೆಯಲ್ಲಿ ಅಜ್ಜಿಗೋ ಅಪ್ಪನಿಗೋ ಸಕ್ಕರೆ ಕಾಯಿಲೆ ಇದ್ದರೆ ಈ ಭಾನುವಾರ ಅಂಥದೊಂದು ಪಟ್ಟಿ ಮಾಡಿಕೊಡಿ, ಮೊಬೈಲಿನಲ್ಲಾದರೂ ಸರಿ, ಹಳೆಯ ನೋಟ್‌ಬುಕ್ಕಿನಲ್ಲಾದರೂ ಸರಿ. ಅಂಕಿ ಹೆಚ್ಚು ಬಂದ ದಿನ ಏನು ಕೇಳಬೇಕೆಂದು ನನ್ನ ಮಗಳು ಕಲಿತಿದ್ದಾಳೆ. ಹೋದ ವಾರ 231 ಬರೆದೆ. ಫೋನು ಬಂತು.

‘ಎಷ್ಟು ಗಂಟೆಗೆ ಅಳೆದದ್ದು ಅಪ್ಪಾ?’