ತಂತ್ರಾಂಶದ ಒಡೆತನ ಮತ್ತು ಕನ್ನಡ ಬರಹ

1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ ಎರಡನೆಯ ಕಲಮು ‘ಸಾಹಿತ್ಯ ಕೃತಿ’ಯ ವ್ಯಾಖ್ಯೆಯೊಳಗೆ ಗಣಕದ ತಂತ್ರಾಂಶವನ್ನೂ ಸೇರಿಸಿದೆ. ಕಾನೂನಿನ ಕಣ್ಣಿಗೆ ಕಾದಂಬರಿಯೂ ತಂತ್ರಾಂಶವೂ ಒಂದೇ ಜಾತಿಯವು! ಸಾಹಿತ್ಯದ ವಿದ್ಯಾರ್ಥಿಗಳಿಗೆ ನಗು ತರಿಸುವ ಈ ಮಾತನ್ನು ಕನ್ನಡದ ಮಟ್ಟಿಗೆ ನಕ್ಕು ಬಿಡುವಂತಿಲ್ಲ.

ಹೊಳೆಹೊನ್ನೂರಿನಂಥ ಊರಿನ ಡಿ.ಟಿ.ಪಿ. ಅಂಗಡಿಯಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಬೆರಳಚ್ಚಾದ ಸಂಶೋಧನ ಪ್ರಬಂಧವೊಂದನ್ನು ಊಹಿಸಿಕೊಳ್ಳಬಹುದು. ಬರಹದ ಹಕ್ಕು ಪ್ರಬಂಧಕಾರನದು. ಅವನ ಮರಣಾನಂತರವೂ ಅರವತ್ತು ವರ್ಷ ಅದು ವಾರಸುದಾರರಿಗೆ ಸಲ್ಲುತ್ತದೆ. ಆದರೆ ಯೂನಿಕೋಡಿಗೆ ಹೊರತಾದ ಸಂಕೇತದಲ್ಲಿರುವ ಆ ಕಡತವು, ಅದೇ ಫಾಂಟು ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಹಕ್ಕು ಒಬ್ಬರದು, ಬೀಗದ ಕೈ ಇನ್ನೊಬ್ಬರದು.

ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಅನಂತರ ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಅದಕ್ಕೆ ಆಧಾರ. ಎರಡೂ ಉಚಿತವಾಗಿಯೇ ನಾಡಿನಲ್ಲಿ ಹರಡಿದವು, ಕನ್ನಡಕ್ಕೆ ಅದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಉಚಿತವಾದುದೆಲ್ಲ ಮುಕ್ತವೆಂದು ಭಾವಿಸಿದ್ದು ತಪ್ಪು. ಆಕರ ಸಂಕೇತವನ್ನು ಮುಚ್ಚಿಟ್ಟು ಹಂಚಿದ ಯಾವುದೇ ತಂತ್ರಾಂಶವನ್ನು, ಅದರ ತಯಾರಕರು ಕೈಬಿಟ್ಟ ಮೇಲೆ ತಿದ್ದಿ ಬೆಳೆಸಲು ಇತರರಿಗೆ ಹಕ್ಕೂ ಇಲ್ಲ, ದಾರಿಯೂ ಇಲ್ಲ. ತಂತ್ರಾಂಶಗಳ ಪರಸ್ಪರ ಹೊಂದಾಣಿಕೆಗೆ ಬೇಕಾದ ಮಾಹಿತಿಯನ್ನು ಪಡೆಯಲು ಕಾಯ್ದೆಯ 52ನೆಯ ಕಲಮು ಅವಕಾಶವಿತ್ತಿದೆ ನಿಜ. ಅದು ಕಿಂಡಿಯೇ ಹೊರತು ಬಾಗಿಲಲ್ಲ.

ಆದ್ದರಿಂದ ಸಾರ್ವಜನಿಕ ಹಣದಿಂದ ಸಿದ್ಧವಾಗುವ ಕನ್ನಡ ತಂತ್ರಾಂಶಗಳ ಒಪ್ಪಂದದಲ್ಲಿ ಆಕರ ಸಂಕೇತದ ಪ್ರಕಟಣೆ ಕಡ್ಡಾಯ ಷರತ್ತಾಗಬೇಕು. ವಿಶ್ವವಿದ್ಯಾಲಯಗಳಂತೂ ಹಳೆಯ ಫಾಂಟುಗಳು ಇನ್ನೂ ದೊರೆಯುತ್ತಿರುವಾಗಲೇ ತಮ್ಮಲ್ಲಿರುವ ಪ್ರಬಂಧಗಳ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.